ಬುಟ್ಟಿಯೊಳಗಿನ ಹುಡುಗ

ತಿಕೋಟಾದ ಸಂತೆಯಲ್ಲಿ ಡೋಲು ಬಡಿದದ್ದೇ ತಡ, ಜೋಳದ ಚೀಲ ಹೊತ್ತವರೂ ನಿಂತರು. ಗಾರುಡಿಗ ಕೋಲಿನಿಂದ ಮಣ್ಣಿನಲ್ಲಿ ದುಂಡಗೆ ಗೆರೆ ಎಳೆದ. ನಡುವೆ ಬಿದಿರಿನ ಬುಟ್ಟಿ. ಎಂಟೊಂಬತ್ತು ವರ್ಷದ ಹುಡುಗ ಅದರೊಳಗೆ ಇಳಿದು, ಮೊಣಕಾಲು ಎದೆಗೆ ಹಚ್ಚಿ, ತಲೆ ತಗ್ಗಿಸಿದ. ಮೇಲೆ ಕೌದಿ ಬಿತ್ತು.

“ಎಲ್ಲಿ ಅದಿಯೋ ಮಗನ?”

“ಸೊಲ್ಲಾಪುರದಾಗ ಅದೀನಪ್ಪಾ!”

“ಅಲ್ಲೇನ ಮಾಡಾಕತ್ತಿ?”

“ಅವ್ವಗ ಚಾದರ ಕೊಳ್ಳಾಕತ್ತೀನಿ!”

ಮಂದಿ ನಕ್ಕರು. ಗಾರುಡಿಗ ಕತ್ತಿ ಹಿರಿದು ಬುಟ್ಟಿಯ ಈ ಮಗ್ಗುಲಿಂದ ಆ ಮಗ್ಗುಲಿಗೆ ತೂರಿಸಿದ. ಮತ್ತೊಮ್ಮೆ ತೂರಿಸಿದ. ನಗು ನಿಂತಿತು. ನನ್ನ ಪಕ್ಕದ ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡು “ಸಾಕೋ ಯಪ್ಪಾ, ಹೊರಗ ತಗಿ ಕೂಸನ್ನ” ಎಂದಳು. ಕೌದಿ ಸರಿಯಿತು, ಹುಡುಗ ಎದ್ದು ಸಲಾಮು ಹೊಡೆದ. ಚಿಲ್ಲರೆ ಬಿತ್ತು. ಅಜ್ಜಿ ಮಾತ್ರ ರೊಕ್ಕ ನೆಲಕ್ಕೆ ಒಗೆಯದೆ ಅವನ ಅಂಗೈಯಲ್ಲಿಟ್ಟು, ಮೊಣಕೈ ತಿರುವಿ ನೋಡಿದಳು. ಬಿದಿರಿನ ಸಿಬಿರು ಗೀರಿದ ಕೆಂಪು ಗೆರೆಗಳು.

ಅಜ್ಜಿಯ ಆ ನೋಟವನ್ನು ಮತ್ತೆ ಕಂಡದ್ದು ಕ್ರಿಸ್ಟೋಫರ್ ನೋಲನ್ ಅವರ 2006ರ ‘ದಿ ಪ್ರೆಸ್ಟೀಜ್’ ಚಿತ್ರದಲ್ಲಿ. ಜಾದೂಗಾರ ಪಂಜರದ ಹಕ್ಕಿಯನ್ನು ಮಾಯಮಾಡಿ ಮರಳಿ ತರುತ್ತಾನೆ. ಚಪ್ಪಾಳೆಯ ನಡುವೆ ಪುಟ್ಟ ಹುಡುಗನೊಬ್ಬ ಅಳುತ್ತ, ಇದರ ಜೊತೆಯದು ಎಲ್ಲಿ ಎನ್ನುತ್ತಾನೆ. ಮಡಚಿಕೊಂಡ ಪಂಜರದಡಿ ಮೊದಲ ಹಕ್ಕಿ ಸತ್ತಿತ್ತು. ಆಂಜಿಯರ್ ಮತ್ತು ಬೋರ್ಡನ್ ಎಂಬ ಇಬ್ಬರು ಜಾದೂಗಾರರು, ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರುವ ಒಂದೇ ಒಂದು ಆಟಕ್ಕಾಗಿ ಒಬ್ಬರ ಬಾಳನ್ನೊಬ್ಬರು ಸುಡುತ್ತಾರೆ. ಅದರ ಗುಟ್ಟನ್ನು ನಾನು ಒಡೆಯಲಾರೆ, ನೋಡದವರಿಗೆ ಅನ್ಯಾಯವಾದೀತು. ಆದರೆ ಅಲ್ಲಿ ಚುಂಗ್ ಲಿಂಗ್ ಸೂ ಎಂಬ ಚೀನೀ ಜಾದೂಗಾರ ಬರುತ್ತಾನೆ. ನಿಲುವಂಗಿಯಡಿ ಭಾರದ ಮೀನಿನ ಬೋಗುಣಿ ಬಚ್ಚಿಡುವುದಕ್ಕಾಗಿ ಬೀದಿಯಲ್ಲೂ ಕುಂಟುತ್ತಲೇ ನಡೆಯುವವನು. ಆ ಹೆಸರಿನಲ್ಲಿ ನಿಜಕ್ಕೂ ಬಾಳಿದವನು ಅಮೆರಿಕದ ವಿಲಿಯಂ ರಾಬಿನ್ಸನ್. ಇಂಗ್ಲಿಷ್ ಬಾರದ ಚೀನೀಯನಾಗಿ ವರ್ಷಗಟ್ಟಲೆ ರಂಗದ ಮೇಲಿದ್ದ. 1918ರ ಮಾರ್ಚ್ 23ರಂದು ಲಂಡನ್ನಿನಲ್ಲಿ, ಹಾರಿದ ಗುಂಡು ಹಿಡಿಯುವ ಆಟ ತಪ್ಪಿ ಗುಂಡು ಮೈಹೊಕ್ಕಾಗ, ಪರದೆ ಇಳಿಸಿರೆಂದು ಇಂಗ್ಲಿಷಿನಲ್ಲೇ ಕೂಗಿದ. ಮರುದಿನ ತೀರಿಕೊಂಡ.

ಯಾರ ಮೈಯೂ ನೋಯದ ಮಾಯೆಯೊಂದು ವಿಜಯಪುರದಲ್ಲಿದೆ. ಶಾಲೆಯ ಮಕ್ಕಳ ಕೂಗು ತುಂಬುವ ಮೊದಲೇ ಗೋಳಗುಮ್ಮಟ ಹತ್ತಬೇಕು. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ “ಚಾ ಕುಡಿಯೂಣೇನು?” ಅಂದೆ. ಮಾತು ಇಲ್ಲಿ ಮುಳುಗಿ, ಸುಮಾರು 38 ಮೀಟರ್ ಆಚೆ ಗೆಳೆಯನ ಕಿವಿಯಲ್ಲಿ ಎದ್ದಿತು. “ಹೂಂ, ನಡಿ” ಎಂಬುದು ನನ್ನ ಭುಜದ ಹಿಂದೆಯೇ ಕೇಳಿ ಬೆಚ್ಚಿ ತಿರುಗಿದೆ. ದುಂಡು ಗೋಡೆ ದನಿಯನ್ನು ತನ್ನ ಬಾಗಿನಗುಂಟ ಸಾಗಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಪ್ರತಿ ಸಲ ಬೆಚ್ಚುತ್ತೇನೆ.

ಸಂತೆಯ ಮುಂದಿನ ವಾರ ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ಅದೇ ಬುಟ್ಟಿ ಕಂಡಿತು. ಗಾರುಡಿಗ ಅದಕ್ಕೊರಗಿ ಬೀಡಿ ಸೇದುತ್ತಿದ್ದ. ಹುಡುಗ ಪಕ್ಕದ ಕಲ್ಲುಬೆಂಚಿನ ಮೇಲೆ ಮಲಗಿದ್ದ. ಬೆಂಚು ಉದ್ದಕ್ಕೂ ಖಾಲಿಯಿತ್ತು. ಅವನು ಮೊಣಕಾಲು ಎದೆಗೆ ಹಚ್ಚಿ, ತಲೆ ತಗ್ಗಿಸಿ, ಬುಟ್ಟಿಯಷ್ಟೇ ಜಾಗದಲ್ಲಿ ನಿದ್ದೆ ಹೋಗಿದ್ದ.