ಬೆಳೆ ಕಾಯುವ ಕೋವಿ: ಕೈಯಲ್ಲಿ ಹಣ ಕಡಿಮೆ ಇದ್ದಾಗ ಯಾವುದನ್ನು ಕೊಳ್ಳಬೇಕು?

ಭತ್ತ ಹಾಲುಗಟ್ಟುವ ಹೊತ್ತಿಗೆ, ಮೆಕ್ಕೆಜೋಳದ ತೆನೆ ಬಲಿಯುವ ಹೊತ್ತಿಗೆ ಕಾಡಂಚಿನ ಊರುಗಳಲ್ಲೆಲ್ಲ ಒಂದೇ ಮಾತು: ಹಂದಿ ಇಳಿಯಿತು. ಒಂದು ಹಿಂಡು ಒಂದು ರಾತ್ರಿ ಗದ್ದೆಗೆ ನುಗ್ಗಿದರೆ ತಿಂದದ್ದಕ್ಕಿಂತ ತುಳಿದು, ಉರುಳಾಡಿ ಕೆಡಿಸಿದ್ದೇ ಹೆಚ್ಚು. ಮಾಳದ ಮೇಲೆ ಕೂತು ಡಬ್ಬ ಬಡಿದದ್ದಾಯಿತು, ಬೆಂಕಿ ಹಾಕಿದ್ದಾಯಿತು, ಹಳೆಯ ಸೀರೆ ಕಟ್ಟಿದ್ದಾಯಿತು. ನಾಲ್ಕು ದಿನ ಹೆದರಿದ ಹಂದಿ ಐದನೆಯ ದಿನ ಸೀರೆಯ ಕೆಳಗೇ ನುಸುಳುತ್ತದೆ. ಆಗ ಒಂದು ಕೋವಿ ಇದ್ದಿದ್ದರೆ ಎಂದು ನಿಮಗೆ ಅನ್ನಿಸುವುದು ಸಹಜ. ಆದರೆ ಎರಡು ಮೂರು ಎಕರೆಯ ರೈತನಿಗೆ ಕೋವಿ ಸಣ್ಣ ಖರ್ಚಲ್ಲ. ಒಮ್ಮೆ ತಪ್ಪು ಕೋವಿ ಕೊಂಡರೆ ಹಣವೂ ಹೋಯಿತು, ಬೆಳೆಯೂ ಹೋಯಿತು. ಒಮ್ಮೊಮ್ಮೆ ಜೀವವೂ ಹೋಗುತ್ತದೆ. ಆದ್ದರಿಂದ ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆ ಕೆಲವು ಸಂಗತಿಗಳನ್ನು ತಿಳಿದುಕೊಂಡಿರುವುದು ಒಳಿತು.

ಮೊದಲಿಗೆ ರೈಫಲ್ಲಿನ ಆಸೆಯನ್ನು ಬಿಟ್ಟುಬಿಡಿ. ನಮ್ಮ ದೇಶದಲ್ಲಿ ಬೇಟೆಯ ಕಾಲ ಮುಗಿದಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. ಉಳಿದಿದ್ದ ಬೇಟೆಯ ಪರವಾನಗಿಗಳನ್ನೂ ೧೯೯೧ರ ತಿದ್ದುಪಡಿ ತೆಗೆದುಹಾಕಿತು. ಈಗ ರೈತನಿಗೆ ಉಳಿದಿರುವುದು ಬೆಳೆ ರಕ್ಷಣೆಯ ಕೋವಿ ಮಾತ್ರ. ಅದಕ್ಕೆ ೧೯೫೯ರ ಆಯುಧ ಕಾಯ್ದೆಯ ೧೩ನೆಯ ಕಲಮಿನಲ್ಲಿ ದಾರಿ ಇದೆ. ನಿಜವಾಗಿ ಬೆಳೆ ಕಾಯಲು ಬೇಕೆಂದು ಕೇಳುವವನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ, ಅಂದರೆ ನಾವು ಕೇಪಿನ ಕೋವಿ ಎನ್ನುತ್ತೇವಲ್ಲ ಅದಕ್ಕೆ, ಪರವಾನಗಿ ಕೊಡಬಹುದೆಂದು ಕಾಯ್ದೆ ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ೨೦ ಅಂಗುಲಕ್ಕೆ ಕಡಿಮೆಯಿಲ್ಲದ ನಯವಾದ ನಳಿಗೆಯ ಬೇರೆ ಕೋವಿಗೂ ಕೊಡಬಹುದು. ಈ ಎರಡನೆಯ ಮಾತು ಎಷ್ಟೋ ರೈತರಿಗೆ ಗೊತ್ತಿಲ್ಲ. ಅರ್ಜಿಯಲ್ಲಿ ಬರೀ 'ಹಂದಿ ಕಾಟ' ಎಂದು ಬರೆದು ಸುಮ್ಮನಾಗಬೇಡಿ. ಜಮೀನು ಕಾಡಿಗೆ ಎಷ್ಟು ಹತ್ತಿರ, ಮಳೆ ಎಷ್ಟು ತಿಂಗಳು, ಹಿಂದೆ ಎಷ್ಟು ಸಲ ಬೆಳೆ ಹಾಳಾಗಿದೆ, ಅರಣ್ಯ ಇಲಾಖೆಗೆ ದೂರು ಕೊಟ್ಟಿದ್ದೀರಾ, ಇದನ್ನೆಲ್ಲ ಪಹಣಿಯೊಂದಿಗೆ ಸೇರಿಸಿ ಕೊಡಿ.

ಪರವಾನಗಿ ಸಿಗುತ್ತದೆಂದೇ ಇಟ್ಟುಕೊಂಡರೂ ರೈಫಲ್ಲು ಗದ್ದೆಗೆ ಹೇಳಿದ್ದಲ್ಲ. ಅದರ ನಳಿಗೆಯೊಳಗೆ ಸುರುಳಿಯಾಗಿ ಗೀರು ಹಾಕಿರುತ್ತಾರೆ. ಒಂಟಿ ಗುಂಡು ಬುಗುರಿಯಂತೆ ತಿರುಗುತ್ತ ಬಹು ದೂರ ಹೋಗುತ್ತದೆ. ಆಟಿಕೆಯಂತೆ ಕಾಣುವ ಪಾಯಿಂಟ್ ೨೨ ರೈಫಲ್ಲಿನ ಗುಂಡು ಕೂಡ ಒಂದೂವರೆ ಕಿಲೋಮೀಟರು ದಾಟಬಲ್ಲದು. ನಿಮ್ಮ ಗದ್ದೆಯಿಂದ ಒಂದೂವರೆ ಕಿಲೋಮೀಟರಿನೊಳಗೆ ಯಾರ ಮನೆ ಇದೆ, ಯಾರ ಕೊಟ್ಟಿಗೆ ಇದೆ ಎಂದು ಲೆಕ್ಕ ಹಾಕಿ. ಇನ್ನು ಪರವಾನಗಿ ಬೇಡವೆಂದು ಕೆಲವರು ತರುವ ೪.೫ ಮಿಲಿಮೀಟರಿನ ಗಾಳಿಕೋವಿಗೆ ಹಂದಿ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಅದರಿಂದ ನವಿಲಿಗೋ ಹಕ್ಕಿಗೋ ಹೊಡೆದರೆ ನೀವೇ ಅಪರಾಧಿಯಾಗುತ್ತೀರಿ.

ಕೇಪಿನ ಕೋವಿಯೋ, ತೋಟಾ ಕೋವಿಯೋ?

ಹಾಗಾದರೆ ಉಳಿಯುವುದು ಮೂರು. ಕೇಪಿನ ಕೋವಿ, ತೋಟಾ ಹಾಕುವ ಒಂಟಿ ನಳಿಗೆ, ತೋಟಾ ಹಾಕುವ ಜೋಡಿ ನಳಿಗೆ. ಬೆಲೆಯೂ ಇದೇ ಕ್ರಮದಲ್ಲಿ ಏರುತ್ತದೆ.

ಕೇಪಿನ ಕೋವಿಯ ಗುಣವೆಂದರೆ ಅಗ್ಗ, ಸರಳ. ಮದ್ದು, ಬತ್ತಿ, ಕೇಪು ಇದ್ದರೆ ಸಾಕು. ಚರೆ ಹಾಕದೆ ಬರೀ ಮದ್ದು ಮತ್ತು ಬತ್ತಿಯಿಂದಲೇ ಗುಡ್ಡ ಅದುರುವಂತೆ ಸದ್ದು ಮಾಡಿಸಬಹುದು. ಬೆಳೆ ಕಾಯುವವನಿಗೆ ಹತ್ತರಲ್ಲಿ ಒಂಬತ್ತು ದಿನ ಬೇಕಾಗುವುದು ಆ ಸದ್ದೇ. ಒಣಹುಲ್ಲಿನ ಕಡೆಗೆ ಮಾತ್ರ ಹೊಡೆಯಬೇಡಿ. ತೆಂಗಿನ ನಾರಿನ ಬತ್ತಿ ಉರಿಯುತ್ತಲೇ ಹೋಗಿ ಬೀಳುತ್ತದೆ. ಕಣ ಸುಟ್ಟುಹೋದ ಮೇಲೆ ಹಂದಿಯನ್ನು ಬೈದು ಫಲವಿಲ್ಲ.

ಅದರ ದೋಷವೂ ದೊಡ್ಡದು. ಮಲೆನಾಡಿನ ಮಳೆಯಲ್ಲಿ ಕೇಪು ತೇವ ಹಿಡಿದು ಕೈಕೊಡುತ್ತದೆ. ಒಂದು ಈಡಾದ ಮೇಲೆ ಮತ್ತೆ ತುಂಬುವಷ್ಟರಲ್ಲಿ ಹಿಂಡು ಬದು ದಾಟಿರುತ್ತದೆ. ಇದಕ್ಕಿಂತ ಹೆಚ್ಚಿನ ದೋಷ ಇನ್ನೊಂದಿದೆ. ಸಂಜೆ ತುಂಬಿದ ಕೇಪಿನ ಕೋವಿಯನ್ನು ಬೆಳಿಗ್ಗೆ ಸುಲಭವಾಗಿ ಬರಿದು ಮಾಡಲಾಗುವುದಿಲ್ಲ. ಹೊಡೆಯಲು ಮನಸ್ಸಿಲ್ಲದೆ, ಮದ್ದು ಹಾಳಾಗುತ್ತದೆಂದು, ತುಂಬಿದ ಕೋವಿಯನ್ನು ಹಾಗೆಯೇ ಗೋಡೆಗೆ ತೂಗುಹಾಕುವವರಿದ್ದಾರೆ. ಮಾರನೆಯ ದಿನ ಮನೆಯ ಮಗು ಕುದುರೆ ಎಳೆಯುತ್ತದೆ. ಅಥವಾ ಇನ್ನೊಬ್ಬರು ಬಂದು ಬರಿದೆಂದು ತಿಳಿದು ಮತ್ತೊಂದು ಈಡು ತುಂಬುತ್ತಾರೆ, ನಳಿಗೆ ಮುಖದ ಬಳಿಯೇ ಸೀಳುತ್ತದೆ.

ತೋಟಾ ಕೋವಿಯಲ್ಲಿ ಈ ಗಂಡಾಂತರವಿಲ್ಲ. ನಳಿಗೆ ಮಡಿಸಿ ತೋಟಾ ತೆಗೆದು ಜೇಬಿಗೆ ಹಾಕಿಕೊಂಡರೆ ಕೋವಿ ಬರೀ ಕಬ್ಬಿಣದ ಕೊಳವೆ. ಬೇಲಿ ದಾಟುವಾಗ, ಸಂಕ ದಾಟುವಾಗ, ಮಾಳ ಹತ್ತುವಾಗ ಒಂದು ಗಳಿಗೆಯಲ್ಲಿ ಬರಿದು ಮಾಡಬಹುದು. ನನ್ನನ್ನು ಕೇಳಿದರೆ, ನೀವು ಹೆಚ್ಚು ಹಣ ಕೊಡುವುದು ದೂರ ಹೊಡೆಯುವುದಕ್ಕಲ್ಲ, ಹೀಗೆ ಬರಿದು ಮಾಡುವ ಅನುಕೂಲಕ್ಕೆ. ಆದ್ದರಿಂದ ಪರವಾನಗಿ ಒಪ್ಪುವುದಾದರೆ ಹೊಸ ಕೇಪಿನ ಕೋವಿಗಿಂತ ಚೆನ್ನಾಗಿರುವ ಹಳೆಯ ಒಂಟಿ ನಳಿಗೆಯ ೧೨ ಬೋರಿನ ತೋಟಾ ಕೋವಿಯೇ ಲೇಸು. ಜೋಡಿ ನಳಿಗೆ ಚಂದವೇನೋ ಹೌದು, ಆದರೆ ಎರಡನೆಯ ನಳಿಗೆಗೆ ಕೊಡುವ ಹಣದಲ್ಲಿ ಒಳ್ಳೆಯ ಬ್ಯಾಟರಿಯೂ ಬೀಗವಿರುವ ಪೆಟ್ಟಿಗೆಯೂ ಬರುತ್ತವೆ.

೧೨ ಬೋರನ್ನೇ ಹೇಳಲು ಕಾರಣವುಂಟು. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡು ಒಂದು ಪೌಂಡಿಗೆ ಹನ್ನೆರಡು ತೂಗಿದರೆ ಅದು ೧೨ ಬೋರು. ಒಳ ಅಗಲ ಸುಮಾರು ಹದಿನೆಂಟೂವರೆ ಮಿಲಿಮೀಟರು. ನಮ್ಮಲ್ಲಿ ಹೆಚ್ಚಾಗಿ ಸಿಗುವ ತೋಟಾ ಇದರದೇ. ಪುಣೆಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟಾ ಹೆಸರನ್ನು ನೀವು ಕೇಳಿರಬಹುದು. ೧೬ ಬೋರಿನ ಹಳೆಯ ವಿಲಾಯಿತಿ ಕೋವಿ ಅಗ್ಗಕ್ಕೆ ಸಿಗುತ್ತದೆಂದು ತಂದರೆ ತೋಟಾ ಹುಡುಕುತ್ತ ಜಿಲ್ಲೆಯಿಂದ ಜಿಲ್ಲೆಗೆ ಅಲೆಯಬೇಕಾದೀತು.

ತೋಟಾದ ಖರ್ಚನ್ನೂ ಮೊದಲೇ ಲೆಕ್ಕ ಹಾಕಿ. ರಾತ್ರಿಗೆ ಮೂರು ಈಡಿನಂತೆ ನಲವತ್ತೈದು ರಾತ್ರಿ ಕಾದರೆ ೧೩೫ ತೋಟಾ ಬೇಕು. ಅಂಗಡಿಯವರು ಹೇಳುವ ಬೆಲೆಯಿಂದ ಇದನ್ನು ಗುಣಿಸಿ, ಬೆಳೆಯ ಬೆಲೆಯ ಪಕ್ಕದಲ್ಲಿ ಇಟ್ಟು ನೋಡಿ. ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದೆಂದು ಪರವಾನಗಿಯಲ್ಲೇ ಬರೆದಿರುತ್ತದೆ, ಅದನ್ನೂ ನೋಡಿಕೊಳ್ಳಿ. ಲೆಕ್ಕ ಕೂಡಿಬರದಿದ್ದರೆ ಅಕ್ಕಪಕ್ಕದ ನಾಲ್ಕು ಗದ್ದೆಯವರು ಸೇರಿ ಬೇಲಿ ಹಾಕಿಸುವುದೇ ಜಾಣತನ.

ಹಳೆಯ ಕೋವಿ ನೋಡುವ ಬಗೆ

ಹಳೆಯ ಕೋವಿಯನ್ನು ಪಾಲಿಶಿನ ಹೊಳಪಿಗೆ ಮರುಳಾಗಿ ಕೊಳ್ಳಬೇಡಿ. ಎತ್ತಿನ ಹಲ್ಲು ನೋಡಿದ ಹಾಗೆ ಒಂದೊಂದನ್ನೇ ನೋಡಬೇಕು. ಎಲ್ಲಕ್ಕಿಂತ ಮುಂಚೆ ಬರಿದಾಗಿದೆಯೇ ಎಂದು ತಿಳಿಯಿರಿ. ತೋಟಾ ಕೋವಿಯಾದರೆ ಮಡಿಸಿ ನೋಡಿದರಾಯಿತು. ಕೇಪಿನ ಕೋವಿಯಾದರೆ ಗಜವನ್ನು ನಳಿಗೆಯೊಳಗೆ ಮೆಲ್ಲನೆ ಇಳಿಸಿ, ಬಾಯಿಯ ಮಟ್ಟಕ್ಕೆ ಬೆರಳಿನಿಂದ ಗುರುತು ಹಿಡಿದು, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ಗಜದ ತುದಿ ಕೇಪು ಕೂರುವ ಜಾಗದ ತನಕ ಬಾರದೆ ಮೂರು ನಾಲ್ಕು ಬೆರಳು ಮೇಲೆಯೇ ನಿಂತರೆ ಒಳಗೆ ಈಡು ಇದೆ ಎಂದರ್ಥ. ಈ ಪರೀಕ್ಷೆ ನಡೆಯುವಷ್ಟು ಹೊತ್ತೂ ನಳಿಗೆಯ ಬಾಯಿಗೆ ಮುಖ ಕೊಡಬಾರದು, ಕೇಪು ಇರಬಾರದು.

ಬಳಿಕ ತೋಟಾ ಕೋವಿಯ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಕನ್ನಡಿಯಂತೆ ಇದ್ದರೆ ಸರಿ. ತೋಟಾ ಕೂರುವ ಕಡೆ ತುಕ್ಕಿನ ಗುಳಿ ಬಿದ್ದಿದ್ದರೆ ಬಿಟ್ಟುಬಿಡಿ; ಒತ್ತಡವೆಲ್ಲ ಅಲ್ಲೇ. ಒಳಗಿನ ನೆರಳು ಒಂದು ಕಡೆ ಉಂಗುರದಂತೆ ಕಂಡರೆ ನಳಿಗೆ ಅಲ್ಲಿ ಉಬ್ಬಿದೆ. ನಳಿಗೆಯ ಮೇಲೆ ಹಾವಿನ ಪೊರೆಯಂಥ ಸುರುಳಿ ಬಣ್ಣವಿರುವ ಬಹು ಹಳೆಯ ಕೋವಿಗಳನ್ನು ಕಬ್ಬಿಣದ ಪಟ್ಟಿ ಹೊಸೆದು ಮಾಡಿದ್ದಾರೆ. ಅವು ಕರಿಮದ್ದಿನ ಕಾಲದವು. ಇಂದಿನ ಹೊಗೆಯಿಲ್ಲದ ಮದ್ದಿನ ತೋಟಾ ಅವುಗಳಿಗೆ ಆಗದು. ಕೇಪಿನ ಕೋವಿಗೂ ಅಷ್ಟೇ, ತೋಟಾ ಒಡೆದು ಅದರ ಮದ್ದನ್ನು ತುಂಬುವ ಬುದ್ಧಿವಂತಿಕೆ ಎಂದಿಗೂ ಬೇಡ.

ತೋಟಾದ ಉದ್ದವನ್ನೂ ಕೇಳಬೇಕು. ಹಳೆಯ ಕೋವಿಗಳಲ್ಲಿ ಎರಡೂವರೆ ಅಂಗುಲದ, ಅಂದರೆ ೬೫ ಮಿಲಿಮೀಟರಿನ ತೋಟಾಕ್ಕೆ ಮಾತ್ರ ಜಾಗವಿರುತ್ತದೆ. ೭೦ ಮಿಲಿಮೀಟರಿನದು ಅದರಲ್ಲಿ ಕೂರುವುದೇನೋ ಕೂರುತ್ತದೆ, ಅದರಿಂದಲೇ ಮೋಸ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಸ್ಥಳವಿಲ್ಲದೆ ಒತ್ತಡ ಮಿತಿಮೀರುತ್ತದೆ.

ನಳಿಗೆ ಮುಚ್ಚಿ ಕೈಯಲ್ಲಿ ಅಲ್ಲಾಡಿಸಿ. ಬಾಗಿಲಿನ ಸಡಿಲ ತಿರುಗಣಿಯಂತೆ ಕಟಕಟ ಎಂದರೆ ಬೇಡ. ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿ, ಟ್ರಿಗರನ್ನು ಅದುಮಿ ನೋಡಿ. ಬರಿದಾದ ಕೋವಿಯಲ್ಲಿ ಮಾತ್ರ ಇದನ್ನು ಮಾಡಬೇಕು. ಕುದುರೆ ಬೀಳಬಾರದು, ಬಿದ್ದರೆ ಅಂಥ ಕೋವಿ ಮನೆಯೊಳಗಿರುವ ಶತ್ರು. ಮರದ ಹಿಡಿಯ ಕೊರಳಿನಲ್ಲಿ ಸೀಳಿದೆಯೇ, ತಂತಿ ಸುತ್ತಿ ಮುಚ್ಚಿದ್ದಾರೆಯೇ ನೋಡಿ. ಕೋವಿಯ ಬುಡವನ್ನು ಮೊಣಕೈಯ ಮಡಿಕೆಗೆ ಇಟ್ಟಾಗ ತೋರುಬೆರಳು ಟ್ರಿಗರಿಗೆ ಮುಟ್ಟಿದರೆ ಉದ್ದ ನಿಮಗೆ ಸರಿಹೊಂದುತ್ತದೆ.

ಕೊನೆಗೆ ನಂಬರು. ನಳಿಗೆಯ ಮೇಲೆ ತಯಾರಕರ ಹೆಸರು, ನಂಬರು, ಒತ್ತಡ ಪರೀಕ್ಷೆಯ ಮುದ್ರೆ ಇರಬೇಕು. ನಂಬರು ಮಾರುವವರ ಪರವಾನಗಿಗೆ ತಾಳೆಯಾಗಬೇಕು. ಅಳಿಸಿ ಕೊರೆದ ನಂಬರು ಕಂಡರೆ ಚಹಾ ಕೂಡ ಕುಡಿಯದೆ ಎದ್ದು ಬನ್ನಿ. ನಂಬರೇ ಇಲ್ಲದ ನಾಡಕೋವಿ ಎಷ್ಟು ಅಗ್ಗವಾದರೂ ಅತ್ಯಂತ ದುಬಾರಿ. ೨೦೧೯ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಂಡದ್ದಕ್ಕೆ ಎರಡು ವರ್ಷದಿಂದ ಐದು ವರ್ಷದವರೆಗೆ ಸೆರೆವಾಸವಿದೆ.

ಪರವಾನಗಿ ಕೈಗೆ ಬಂದ ಮೇಲೆಯೇ ಕೋವಿ ಕೊಳ್ಳತಕ್ಕದ್ದು. ಪರವಾನಗಿ ಇರುವ ಅಂಗಡಿಯಲ್ಲಿ ಕೊಂಡರೆ ರಸೀತಿ ಇರುತ್ತದೆ. ಪರವಾನಗಿದಾರ ರೈತರಿಂದಲೇ ಕೊಳ್ಳುವುದಾದರೆ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ನಿಮ್ಮ ಹೆಸರು, ವಿಳಾಸ ಸಹಿತ ಮೊದಲೇ ಬರೆದು ತಿಳಿಸಬೇಕು. ಆಮೇಲೆ ೪೫ ದಿನ ಕಳೆಯಬೇಕು. ಮುಂಗಡ ಕೊಟ್ಟು ಅವತ್ತೇ ಹೆಗಲಿಗೆ ಹಾಕಿಕೊಂಡು ಬರುವಂತಿಲ್ಲ. ಗೌರಿ ಹಬ್ಬದ ಹೊತ್ತಿಗೆ ಕೋವಿ ಬೇಕಿದ್ದರೆ ಮಳೆಗಾಲಕ್ಕೆ ಮುಂಚೆಯೇ ಓಡಾಟ ಶುರುಮಾಡಿ. ಕೆಲವು ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಅಲ್ಲಿ ಕಲಿತದ್ದೂ, ಅದರ ಪ್ರಮಾಣಪತ್ರವೂ ಎರಡೂ ಉಪಯೋಗಕ್ಕೆ ಬರುತ್ತವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ೨೦೨೯ರ ಅಕ್ಟೋಬರ್ ೩೧ರವರೆಗೆ ಇದೆ. ನೆರೆಯ ಜಿಲ್ಲೆಯವರು ಅದನ್ನು ತಮಗೂ ಅನ್ವಯಿಸಿಕೊಳ್ಳಬಾರದು.

ಹೊಡೆಯುವ ಮುಂಚೆ

ಕೋವಿಗೆ ಪರವಾನಗಿ ಸಿಕ್ಕಿತೆಂದರೆ ಹಂದಿ ಕೊಲ್ಲಲು ಅಪ್ಪಣೆ ಸಿಕ್ಕಿತೆಂದು ತಿಳಿಯಬೇಡಿ. ಎರಡೂ ಬೇರೆ ಬೇರೆ. ಬೆಳೆಗೆ ಹಾನಿ ಮಾಡುವ ಪ್ರಾಣಿಯನ್ನು ಕೊಲ್ಲಲು ವನ್ಯಜೀವಿ ಕಾಯ್ದೆಯ ೧೧ನೆಯ ಕಲಮಿನ ಪ್ರಕಾರ ಅಧಿಕಾರವುಳ್ಳ ಅಧಿಕಾರಿಯ ಲಿಖಿತ ಆದೇಶ ಬೇಕು. ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸಿ, ಕಾಗದ ಕೈಯಲ್ಲಿಟ್ಟುಕೊಂಡೇ ಮುಂದುವರಿಯಿರಿ. ಹಾಗೆ ಕೊಂದ ಪ್ರಾಣಿಯೂ ಸರ್ಕಾರದ್ದು. ಊರಿಗೆ ಪಾಲು ಹಂಚುವಂತಿಲ್ಲ. ಕಾಗದವಿಲ್ಲದಿದ್ದರೆ ಸದ್ದಿಗೆ ಮಾತ್ರ ಕೋವಿ. ಆನೆ ಬಂದಾಗ ಕೋವಿಯನ್ನು ಮರೆತು ಇಲಾಖೆಗೆ ಸುದ್ದಿ ಮುಟ್ಟಿಸಿ. ಬೇಲಿಗೆ ಕರೆಂಟು ಹರಿಸುವುದು, ಉರುಳು ಹಾಕುವುದು, ಸಿಡಿಮದ್ದು ಇಡುವುದು ಇವುಗಳಿಂದ ಸಾಯುವುದು ಹಂದಿ ಮಾತ್ರವಲ್ಲ, ನಿಮ್ಮದೇ ದನವೂ ನೀರು ಕಟ್ಟಲು ಹೋದ ಆಳೂ ಸಾಯುತ್ತಾರೆ.

ಕತ್ತಲಲ್ಲಿ ಪೊದೆ ಅಲ್ಲಾಡಿತೆಂದು ಹೊಡೆದವರು ಹಂದಿಯ ಬದಲು ನೆರೆಯವನನ್ನು, ಅಣ್ಣತಮ್ಮನನ್ನು ಕೆಡವಿದ ಸುದ್ದಿ ಮಲೆನಾಡಿನಲ್ಲಿ ಹೊಸದಲ್ಲ. ತೋಟಾ ಕೋವಿ ಮೂವತ್ತು ನಲವತ್ತು ಮೀಟರಿನಾಚೆ ನೆಚ್ಚಿಗೆಯದಲ್ಲ. ಆದರೆ ಅದರ ದಪ್ಪ ಚರೆ ಅರ್ಧ ಕಿಲೋಮೀಟರಿಗೂ ಮೀರಿ ಹೋಗಿ ಕಣ್ಣು ಕಳೆಯಬಲ್ಲದು. ಬ್ಯಾಟರಿ ಬೆಳಕಿನಲ್ಲಿ ಪ್ರಾಣಿಯ ಇಡೀ ಮೈ ಕಾಣದೆ, ಅದರ ಹಿಂದೆ ಏನಿದೆ ಎಂದು ತಿಳಿಯದೆ ಟ್ರಿಗರಿಗೆ ಬೆರಳು ಹೋಗಬಾರದು. ಅಕ್ಕಪಕ್ಕದ ಮಾಳದವರು ಯಾರು, ಎಲ್ಲಿ ಕೂರುತ್ತಾರೆ ಎಂದು ಹಗಲಿನಲ್ಲೇ ಮಾತಾಡಿಕೊಳ್ಳಿ. ಹೆಂಡ ಕುಡಿದವರ ಕೈಗೆ ಆ ರಾತ್ರಿ ಕೋವಿ ಬೇಡ.

ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರಿ ನಳಿಗೆಯನ್ನು ತಿನ್ನುತ್ತದೆ. ಕೇಪಿನ ಕೋವಿಯನ್ನು ಹೊಡೆದ ದಿನವೇ ಬಿಸಿನೀರಿನಿಂದ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಸವರಬೇಕು. ತೋಟಾ ಕೋವಿಗೆ ಒಣಬಟ್ಟೆ, ಎಣ್ಣೆ ಸಾಕು. ಒಲೆಯ ಮೇಲಿನ ಅಟ್ಟದಲ್ಲಿ ಮದ್ದು ಬೆಚ್ಚಗಿರುತ್ತದೆಂದು ಇಡುವ ಹಳೆಯ ರೂಢಿಯನ್ನು ಬಿಡಿ. ಕೋವಿ ಒಂದು ಕಡೆ, ಮದ್ದು ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುವಂತೆ ಆದೇಶ ಬರುವುದುಂಟು. ಬೆಳೆ ನಿಂತಿರುವ ಕಾಲವಾದರೆ ಅದನ್ನು ತಿಳಿಸಿ ವಿನಾಯಿತಿ ಕೋರಿ ಅರ್ಜಿ ಕೊಡಬಹುದು. ಒಪ್ಪಿಸಲೇಬೇಕಾದರೆ ನಳಿಗೆಯ ಒಳಹೊರಗೆ ಧಾರಾಳವಾಗಿ ಎಣ್ಣೆ ಹಚ್ಚಿ ಕೊಡಿ. ಎರಡು ತಿಂಗಳು ಮೂಲೆಯಲ್ಲಿ ನಿಂತ ಕೋವಿ ತುಕ್ಕು ಹಿಡಿದು ಬಂದರೆ ಕೇಳುವವರಿಲ್ಲ. ರಸೀತಿಯಲ್ಲಿ ಕೋವಿಯ ನಂಬರು ಬರೆಸಿಕೊಳ್ಳಿ. ವಾಪಸು ತರುವಾಗ ಆ ನಂಬರನ್ನು ಅಲ್ಲೇ ತಾಳೆ ನೋಡಿ, ಬರಿದಾಗಿದೆಯೇ ಎಂದು ಇನ್ನೊಮ್ಮೆ ಪರೀಕ್ಷಿಸಿಯೇ ಹೆಗಲಿಗೇರಿಸಿ.