ಬಂಡಿಯ ಕಿಟಕಿಗೂ ಸುಂಕ

ಮನೆಗೆ ಬೆಳಕು ಬರಲೆಂದು ಇರಿಸಿದ ಕಿಟಕಿಗೂ ಸರ್ಕಾರಕ್ಕೆ ಕಂದಾಯ ತೆರಬೇಕಾಗಿದ್ದ ಕಾಲವೊಂದು ಇಂಗ್ಲೆಂಡಿನಲ್ಲಿತ್ತು. ಮೂರನೆಯ ವಿಲಿಯಂ ದೊರೆಯ ಆಳ್ವಿಕೆಯಲ್ಲಿ, 1696ರಲ್ಲಿ ಹುಟ್ಟಿದ ಆ ತೆರಿಗೆ ತೊಲಗಿದ್ದು 1851ರಲ್ಲಿ. ಅಷ್ಟರೊಳಗೆ ಎಷ್ಟೋ ಮಂದಿ ಗೃಹಸ್ಥರು ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಸಿ, ಕತ್ತಲೆಯಲ್ಲಿ ಕುಳಿತು ಹಣ ಉಳಿಸಿದ್ದರು. ಇದೇ ಕಥೆ ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಬಂಡಿಯ ಮೈಮೇಲೆ ಮತ್ತೊಮ್ಮೆ ನಡೆಯಿತೆಂಬುದು ಅನೇಕರಿಗೆ ತಿಳಿಯದು.

ಮಹಾಯುದ್ಧದ ನಡುವೆ, 1940ರಲ್ಲಿ, ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಜಾರಿಗೆ ಬಂದಿತು. ಸಂಸಾರದ ಕಾರು ಭೋಗವಸ್ತುವೆನಿಸಿ ಅದರ ಹೊರೆ ಹೊತ್ತಿತು. ದುಡಿಮೆಯ ವಾಹನಕ್ಕೆ ರಿಯಾಯಿತಿ ದೊರೆಯಿತು. ಯಾವುದು ಕಾರು, ಯಾವುದು ದುಡಿಮೆಯ ಬಂಡಿ ಎಂದು ಗುರುತಿಸುವ ಲಕ್ಷಣಗಳಲ್ಲಿ ಒಂದು, ಚಾಲಕನ ಹಿಂಬದಿಯ ಪಕ್ಕದ ಕಿಟಕಿ. ಸಾಮಾನಿನ ಮೂಟೆಗೆ ಕಿಟಕಿಯೇಕೆ? ಗಾಜು ಇದ್ದರೆ ಒಳಗೆ ಮನುಷ್ಯರಿದ್ದಾರೆಂದೇ ಅರ್ಥ!

1948ರಲ್ಲಿ ಆಂಸ್ಟರ್ಡ್ಯಾಮ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಲ್ಯಾಂಡ್ ರೋವರ್ ಹುಟ್ಟಿದ್ದು ಮುಖ್ಯವಾಗಿ ರೈತನಿಗಾಗಿ. ಉಕ್ಕಿನ ಅಭಾವದ ದಿನಗಳಾದ್ದರಿಂದ ಅದರ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದ ತಗಡಿನಿಂದ ಹೊದಿಸಿದರು. ಅದೇ ವರ್ಷ ಕಿಟಕಿಗಳುಳ್ಳ ಸೊಗಸಾದ ಸ್ಟೇಷನ್ ವ್ಯಾಗನ್ ಒಂದು ಹೊರಟಿತಾದರೂ ತೆರಿಗೆಯ ಭಾರಕ್ಕೆ ಬೆಲೆ ಏರಿ, ಕೊಳ್ಳುವವರು ವಿರಳರಾಗಿ, 1951ರ ಹೊತ್ತಿಗೆ ನಿಂತುಹೋಯಿತು. ಗಟ್ಟಿಯಾಗಿ ಉಳಿದದ್ದು ಹಾರ್ಡ್‌ಟಾಪ್: ಲೋಹದ ಮೇಲ್ಛಾವಣಿ, ಎರಡು ಪಕ್ಕಗಳಲ್ಲಿ ಬರಿಯ ತಗಡಿನ ಗೋಡೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ಅರಿತ ಕಂಪನಿ 1962ರಲ್ಲಿ ಉದ್ದನೆಯ ಬಂಡಿಗೆ ಹನ್ನೆರಡು ಆಸನಗಳನ್ನು ಜೋಡಿಸಿತು. ಕಾನೂನಿನ ಕಣ್ಣಿಗೆ ಅದು ಬಸ್ಸು, ತೆರಿಗೆಯಿಲ್ಲ. ಹಿಂದೆ ಕುಳಿತವರ ಮೊಣಕಾಲುಗಳು ಒಂದಕ್ಕೊಂದು ತಗುಲುತ್ತಿದ್ದವೆಂಬುದು ಬೇರೆ ಮಾತು.

ಖರೀದಿ ತೆರಿಗೆ 1973ರಲ್ಲಿ ಅಳಿದು ಮೌಲ್ಯವರ್ಧಿತ ತೆರಿಗೆ ಬಂದಿತು. ಆಶ್ಚರ್ಯವೆಂದರೆ, ಅದರ ವ್ಯಾಖ್ಯೆಯಲ್ಲಿಯೂ ಪಕ್ಕದ ಕಿಟಕಿಗೆ ಸ್ಥಾನ ತಪ್ಪಲಿಲ್ಲ.

ಗೋಡೆಯಂತಹ ಈ ಬಂಡಿಗಳಿಗೆ ಈಗ ಒಡೆಯರು ತಾವೇ ಕಿಟಕಿ ಕೊರೆಯುತ್ತಾರೆ. ಇದು ಬರಿಯ ಅಲಂಕಾರದ ಹವ್ಯಾಸವಲ್ಲ. ಓರೆಯಾಗಿ ಕೂಡುವ ರಸ್ತೆಗಳಲ್ಲಿ ಬಲಗಡೆ ಕುಳಿತ ಚಾಲಕನಿಗೆ ಎಡಹಿಂಭಾಗದಿಂದ ಬರುವ ವಾಹನ ಕಾಣುವುದೇ ಇಲ್ಲ. ತಗಡು ಕಣ್ಣಿಗೆ ಅಡ್ಡ.

ಕೆಲಸ ಮೇಲ್ನೋಟಕ್ಕೆ ಸುಲಭ. ಆದರೆ ಒಮ್ಮೆ ಕತ್ತರಿಸಿದ ತಗಡು ಮತ್ತೆ ಕೂಡದು. ಮೊದಲು ಒಳಗಡೆ ತಡಕಿ ಆಧಾರಪಟ್ಟಿಗಳಿಲ್ಲದ ಎಡೆಯನ್ನು ಗೊತ್ತುಮಾಡಿ, ಕಾಗದದ ಅಚ್ಚನ್ನು ಅಂಟಿಸಿ ಗೆರೆ ಎಳೆಯಬೇಕು. ಮೂಲೆಗಳು ಕಡ್ಡಾಯವಾಗಿ ದುಂಡಗಿರಲಿ. ಚೂಪು ಮೂಲೆಯಲ್ಲಿ ಒತ್ತಡವೆಲ್ಲ ಒಂದೆಡೆ ಸೇರಿ ಲೋಹ ಬಿರಿಯುತ್ತದೆ. 1954ರಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲಿ ಒಡೆದ ಮೇಲೆ ನಡೆದ ತನಿಖೆ ಜಗತ್ತಿಗೆ ಕಲಿಸಿದ ಪಾಠವೂ ಇದೇ. ಮೂಲೆಗಳಲ್ಲಿ ತೂತು ಕೊರೆದು, ಸಣ್ಣ ಹಲ್ಲಿನ ಗರಗಸದಿಂದ ನಿಧಾನವಾಗಿ ಕೊಯ್ದು, ಅಂಚನ್ನು ಅರದಿಂದ ಉಜ್ಜಿ ಬಣ್ಣ ಬಳಿಯಬೇಕು. ಅಲ್ಯೂಮಿನಿಯಂ ತುಕ್ಕು ಹಿಡಿಯದೆಂಬ ಧೈರ್ಯ ಸಲ್ಲದು. ಉಕ್ಕಿನ ತಿರುಪು ತಗುಲಿದಲ್ಲಿ ಮಳೆನೀರು ನಿಂತರೆ ಅದು ಬಿಳಿಯ ಪುಡಿಯಾಗಿ ಸವೆಯುತ್ತದೆ.

ಗಾಜು ಹದಗೊಳಿಸಿದ ಗಟ್ಟಿ ಗಾಜಾಗಿರಬೇಕು. ಹದವಾದ ಮೇಲೆ ಅದನ್ನು ಕತ್ತರಿಸುವಂತಿಲ್ಲ, ಕತ್ತರಿಸಹೋದರೆ ಹರಳುಹರಳಾಗಿ ಚೆಲ್ಲುತ್ತದೆ. ಆದ್ದರಿಂದ ಅಳತೆಗೆ ಸರಿಯಾಗಿ ಮಾಡಿಸಿಯೇ ತರಬೇಕು. ಇನ್ನು ಕೂರಿಸುವ ಚಮತ್ಕಾರ. ಗಾಜಿನ ಸುತ್ತ ರಬ್ಬರಿನ ಪಟ್ಟಿ ತೊಡಿಸಿ, ಅದರ ಹೊರಗಾಡಿಯಲ್ಲಿ ಗಟ್ಟಿ ದಾರವೊಂದನ್ನು ಹುದುಗಿಸಿ, ಸೋಪಿನ ನೀರು ಸವರುತ್ತಾರೆ. ಹೊರಗಿನಿಂದ ಒಬ್ಬರು ಅಂಗೈಯಿಂದ ಅದುಮುತ್ತಿರುವಾಗ ಒಳಗಿನವರು ದಾರವನ್ನು ಮೆಲ್ಲನೆ ಎಳೆದರೆ, ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಮಗ್ಗುಲಿಗೆ ಮಡಿಚಿಕೊಳ್ಳುತ್ತದೆ. ಅವಸರಪಟ್ಟು ಎಳೆದರೆ ರಬ್ಬರು ಹರಿಯಿತು, ಮತ್ತೆ ಮೊದಲಿನಿಂದ. ಕೊನೆಗೆ ಹೊರಗಿನಿಂದ ಕೊಳವೆಯ ನೀರು ಹಾಯಿಸಿ, ಒಳಗೆ ಕುಳಿತವರು ಕೆಳಮೂಲೆಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಸೋರಿದರೆ ಹೆಚ್ಚಾಗಿ ನೀರು ಬಂದು ಸೇರುವುದು ಅಲ್ಲಿಯೇ.