ಒಂದು ಹನಿಯ ಸಾಕ್ಷಿ

ರಂಜಾನ್ ತಿಂಗಳ ಸಂಜೆ. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ ಮುಂದೆ ಖರ್ಜೂರದ ಗುಡ್ಡೆಗಳು, ಹೆಚ್ಚಿಟ್ಟ ಕಲ್ಲಂಗಡಿ, ಬಾಣಲೆಯಲ್ಲಿ ಉಬ್ಬುವ ಸಮೋಸ. ಆಜಾನ್ ಕೂಗಿ ಇನ್ನೂ ಕಾಲು ಗಂಟೆಯಾಗಿಲ್ಲ, ಸಮೀಪದ ಆಸ್ಪತ್ರೆಯೊಂದರ ಕ್ಯಾಷುವಾಲ್ಟಿ ಮುಂದೆ ಆಟೋ ಬಂದು ನಿಲ್ಲುತ್ತದೆ. ಮಗನ ಹೆಗಲಿಗೆ ಒರಗಿಕೊಂಡು ಇಳಿಯುವ ಹಿರಿಯರಿಗೆ ಅರವತ್ತು ದಾಟಿದೆ. ಅಂಗಿ ಬೆವರಿಗೆ ಮೈಗಂಟಿದೆ, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ. ಸಕ್ಕರೆ ಕಾಯಿಲೆ ಹಳೆಯದು. ಬೆಳಗಿನ ಜಾವ ಸಹರಿ ಹೊತ್ತಿಗೆ ಎಂದಿನಂತೆ ಮಾತ್ರೆ ನುಂಗಿದ್ದಾರೆ.

“ಜಿಆರ್‌ಬಿಎಸ್ ನೋಡಿ ಸಿಸ್ಟರ್,” ಎನ್ನುತ್ತಾರೆ ಡ್ಯೂಟಿ ಡಾಕ್ಟರ್. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಸ್ಪಿರಿಟ್ ಹತ್ತಿಯಿಂದ ಬೆರಳು ಒರೆಸಿ, ಚುಚ್ಚಿ, ಹನಿಯನ್ನು ಸ್ಟ್ರಿಪ್ಪಿನ ತುದಿಗೆ ತಾಗಿಸುತ್ತಾಳೆ. ಐದು ಎಣಿಸುವಷ್ಟರಲ್ಲಿ ಗ್ಲುಕೋಮೀಟರಿನಲ್ಲಿ 312.

ಪಕ್ಕದ ಮಂಚದಲ್ಲಿ ಡ್ರಿಪ್ ಸರಿಮಾಡುತ್ತಿದ್ದ ಹಿರಿಯ ಸಿಸ್ಟರ್ ನೋಡುವುದು ಅಂಕಿಯನ್ನಲ್ಲ, ಹಣೆಯನ್ನು. ಈ ಬೆವರು, ಈ ನಡುಕ ಸಕ್ಕರೆ ಇಳಿದವರದ್ದು.

“ಚಾಚಾ, ಏನು ತಿಂದ್ರಿ?”

“ಖಜೂರ್ ಬೇಟಾ. ಒಂದೇ ಒಂದು. ಅಷ್ಟರಲ್ಲೇ ತಲೆ ತಿರುಗಿತು.”

ಬೆರಳು ಮುಟ್ಟಿದರೆ ಅಂಟಂಟು. ಟ್ರೇಯಲ್ಲಿ ನೀರು ತರಿಸಿ, ಸೋಪು ಹಚ್ಚಿ ಕೈ ತೊಳೆಸುತ್ತಾರೆ. ಚೆನ್ನಾಗಿ ಒರೆಸಿ ಬೇರೆ ಬೆರಳನ್ನು ಚುಚ್ಚುತ್ತಾರೆ. ಮೊದಲ ಹನಿ ಹತ್ತಿಗೆ, ಎರಡನೆಯದು ಸ್ಟ್ರಿಪ್ಪಿಗೆ. ಈ ಬಾರಿ 54. ಇನ್ಸುಲಿನ್‌ಗೆ ಕೈ ಹಾಕಬೇಕಿದ್ದ ಜಾಗದಲ್ಲಿ ನರಕ್ಕೆ ಗ್ಲುಕೋಸ್ ಹೋಗುತ್ತದೆ.

ಎರಡು ಸಲವೂ ಯಂತ್ರ ಹೇಳಿದ್ದು ನಿಜವನ್ನೇ. ಮೊದಲ ಸಲ ಖರ್ಜೂರದ ಸಕ್ಕರೆಯನ್ನೂ ಸೇರಿಸಿ ಅಳೆದಿತ್ತು, ಅಷ್ಟೇ. ಹಣ್ಣು ಸುಲಿದ ಬೆರಳನ್ನು ಸ್ಪಿರಿಟ್‌ನಲ್ಲಿ ಎಷ್ಟು ಸಲ ಒರೆಸಿದರೂ ಸಕ್ಕರೆ ಉಳಿಯುತ್ತದೆ, ನೀರಿನಲ್ಲಿ ತೊಳೆದರೆ ಮಾತ್ರ ಹೋಗುತ್ತದೆ ಎಂದು ಜಪಾನಿನ ವೈದ್ಯರು 2011ರಲ್ಲೇ ತೋರಿಸಿಕೊಟ್ಟಿದ್ದಾರೆ. ಆದರೂ ಎಷ್ಟೋ ಕಡೆ ಹತ್ತಿ ಒರೆಸುವುದೇ ವಾಡಿಕೆ.

ಮೀಟರಿಗೆ ಮಾನದಂಡ ಇಲ್ಲದಿಲ್ಲ. ಐಎಸ್‌ಒ 15197 ಎಂಬ 2013ರ ನಿಯಮದ ಪ್ರಕಾರ ನೂರಕ್ಕೆ 95 ಫಲಿತಾಂಶಗಳು ಲ್ಯಾಬಿನ ಅಂಕಿಗಿಂತ ಶೇ 15ರಷ್ಟು ಮಾತ್ರ ಆಚೀಚೆ ಇರಬಹುದು. ಸಕ್ಕರೆ 100ಕ್ಕಿಂತ ಕಡಿಮೆಯಿದ್ದರೆ 15 ಮಿಲಿಗ್ರಾಂ ಆಚೀಚೆ. ನಿಜದಲ್ಲಿ 200 ಇದ್ದವರಿಗೆ 170 ಅಥವಾ 230 ಬಂದರೆ ಚಿಕಿತ್ಸೆ ಅಷ್ಟೇನೂ ಬದಲಾಗದು. ಆದರೆ 65 ಇದ್ದವರಿಗೆ 80 ಎಂದು ತೋರಿಸಿದರೂ ಮೀಟರ್ ನಿಯಮದೊಳಗೇ ಇರುತ್ತದೆ, ರೋಗಿ ಮಾತ್ರ ಅಪಾಯದಲ್ಲಿರುತ್ತಾನೆ. ಬಿ.ಪಿ. ಕುಸಿದು ಕೈಕಾಲು ತಣ್ಣಗಾದವರ ಬೆರಳ ತುದಿಯ ರಕ್ತವನ್ನಂತೂ ನಂಬಿ ಕೂರುವ ಹಾಗೇ ಇಲ್ಲ.

ಹಲಸೂರಿನ ಕಡೆ ಬನ್ನಿ. ಹೆರಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಬಸುರಿಯರ ಸಾಲು. ಕನ್ನಡ, ತಮಿಳು, ಉರ್ದು ಒಂದೇ ಉಸಿರಿನಲ್ಲಿ ಬೆರೆತ ಮಾತು. 75 ಗ್ರಾಂ ಗ್ಲುಕೋಸ್ ಕರಗಿಸಿದ ನೀರನ್ನು ಮುಖ ಕಿವಿಚಿಕೊಂಡು ಕುಡಿದು ಎರಡು ಗಂಟೆ ಕಾಯಬೇಕು. 140 ಮುಟ್ಟಿದರೆ ಬಸಿರಿನ ಸಕ್ಕರೆ ಕಾಯಿಲೆ. ಇದನ್ನು ಗ್ಲುಕೋಮೀಟರಿನಲ್ಲೇ ನೋಡಬಹುದೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ, ಅದು ಒಳ್ಳೆಯದೇ. ಲ್ಯಾಬ್ ವರದಿಗೆ ನಾಳೆ ಬಾ ಎಂದರೆ ಕೂಲಿ ಬಿಟ್ಟು ಬಂದವಳು ಮತ್ತೆ ಬರುವಳೇ? ತೊಡಕು ಇರುವುದು ರಕ್ತಹೀನತೆಯಲ್ಲಿ. ರಕ್ತದಲ್ಲಿ ಕೆಂಪುಕಣ ಕಡಿಮೆಯಿದ್ದರೆ ಅನೇಕ ಸ್ಟ್ರಿಪ್‌ಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಗರ್ಭಿಣಿಯರಲ್ಲಿ ಅರ್ಧಕ್ಕೆ ತುಸು ಕಡಿಮೆ ಮಂದಿಗೆ ರಕ್ತಹೀನತೆ. ಹಾಗಾಗಿ ತಾಯಿ ಕಾರ್ಡಿನಲ್ಲಿ ಸಕ್ಕರೆಯ ಅಂಕಿಯನ್ನು ಹಿಮೋಗ್ಲೋಬಿನ್ ಪಕ್ಕದಲ್ಲಿಟ್ಟೇ ಓದಬೇಕು. ಕೆಂಪುಕಣದ ಏರುಪೇರನ್ನು ತಾನೇ ಸರಿದೂಗಿಸುವ ಮೀಟರ್‌ಗಳೂ ಈಗ ಸಿಗುತ್ತವೆ. ಕೊಳ್ಳುವವರು ಬೆಲೆಗಿಂತ ಮೊದಲು ಇದನ್ನು ಕೇಳಲಿ. ನಮ್ಮ ಐಐಎಸ್‌ಸಿಯ ನವಕಾಂತ ಭಟ್ಟರ ತಂಡ ಕಟ್ಟಿದ ಪಾಥ್‌ಶೋಧ್ ಕಂಪನಿ ಸಕ್ಕರೆಯ ಜೊತೆಗೆ ಹಿಮೋಗ್ಲೋಬಿನ್ನನ್ನೂ ಅಳೆಯುವ ಅಂಗೈ ಯಂತ್ರ ಮಾಡಿದ್ದು ಅದಕ್ಕೇ ನನಗೆ ದೊಡ್ಡದೆನಿಸುತ್ತದೆ.

ಹಾಗಂತ ಲ್ಯಾಬಿನ ಅಂಕಿಯೇ ಬ್ರಹ್ಮಲಿಪಿಯಲ್ಲ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬಿಟ್ಟು ಬೇರೆಯದರಲ್ಲಿ ತೆಗೆದ ರಕ್ತ ವಾರ್ಡಿನ ಮೇಜಿನ ಮೇಲೆ ಕಾಯುತ್ತಾ ಕೂತರೆ, ಅದರೊಳಗಿನ ಕಣಗಳೇ ಗಂಟೆಗೆ ಶೇ 5ರಿಂದ 7ರಷ್ಟು ಸಕ್ಕರೆ ತಿಂದು ಮುಗಿಸುತ್ತವೆ.

ಇನ್ನೂ ಪೂರ್ವಕ್ಕೆ, ಕೆ.ಆರ್. ಪುರ. ಟಿನ್ ಫ್ಯಾಕ್ಟರಿ ಬಳಿ ಸೈರನ್ ಹಾಕಿದ ಆಂಬುಲೆನ್ಸ್ ಕೂಡ ಬಿಎಂಟಿಸಿ ಬಸ್ಸಿನ ಹಿಂದೆ ತೆವಳುತ್ತದೆ. ಹೃದಯದ ದೊಡ್ಡ ಆಸ್ಪತ್ರೆ ದೂರ, ಹಾದಿ ಜಾಮ್. ಇಲ್ಲಿನ ಸಣ್ಣ ನರ್ಸಿಂಗ್ ಹೋಮಿಗೆ ಹೃದಯಾಘಾತದ ಸುಳಿವು ಕೊಡುವ ಟ್ರೊಪೋನಿನ್ ಕಾರ್ಡ್ ದೊಡ್ಡ ಆಸರೆ. ಆದರೆ ಎದೆನೋವು ಶುರುವಾದ ಮೊದಲ ಗಂಟೆಗಳಲ್ಲಿ ಕಾರ್ಡಿಗೆ ಸಿಗುವಷ್ಟು ಟ್ರೊಪೋನಿನ್ ರಕ್ತಕ್ಕೆ ಇಳಿದಿರುವುದಿಲ್ಲ. ಗೆರೆ ಮೂಡಲಿಲ್ಲವೆಂದು “ಗ್ಯಾಸ್ಟ್ರಿಕ್ ಇರಬೇಕು, ಮನೆಗೆ ಹೋಗಿ” ಎನ್ನುವುದು ಸಲ್ಲದು. ಇಸಿಜಿ ತೆಗೆದು, ಕೂರಿಸಿಕೊಂಡು, ಕೆಲವು ಗಂಟೆ ಬಿಟ್ಟು ಮತ್ತೆ ನೋಡಬೇಕು. ಡೆಂಗಿ ಕಾರ್ಡಿನದೂ ಹೆಚ್ಚುಕಡಿಮೆ ಇದೇ ಕತೆ. 2024ರ ಮಳೆಗಾಲದಲ್ಲಿ ರಾಜ್ಯ ಸರ್ಕಾರ ಕಾರ್ಡ್ ಪರೀಕ್ಷೆಗೆ 250 ರೂಪಾಯಿ, ಲ್ಯಾಬಿನಲ್ಲಿ ಮಾಡುವ ಎಲಿಸಾಗೆ 300 ರೂಪಾಯಿ ದರ ಕಟ್ಟಿತು. ಡೆಂಗಿ ಖಚಿತವೆನ್ನಲು ಸರ್ಕಾರದ ಲೆಕ್ಕ ಒಪ್ಪುವುದು ಎಲಿಸಾವನ್ನು. ಐವತ್ತು ರೂಪಾಯಿಯ ಅಂತರಕ್ಕೆ ಯಾರೂ ಕಾರ್ಡಿಗೇ ನಿಲ್ಲಬಾರದು.

ನನಗೆ ಭರವಸೆ ಕೊಡುವ ನರ್ಸಿಂಗ್ ಸ್ಟೇಷನ್ ಹೇಗಿರುತ್ತದೆ ಗೊತ್ತೇ? ಸ್ಟ್ರಿಪ್ ಡಬ್ಬಿಯ ಮೇಲೆ ಪ್ಲಾಸ್ಟರ್ ತುಂಡು ಅಂಟಿಸಿ, ತೆರೆದ ದಿನಾಂಕವನ್ನು ಬಾಲ್‌ಪೆನ್ನಿನಲ್ಲಿ ಬರೆದಿರುತ್ತಾರೆ. ಮುಚ್ಚಳ ಬಿಗಿಯಾಗಿರುತ್ತದೆ, ಏಕೆಂದರೆ ಗಾಳಿಯ ತೇವ ತಾಗಿದರೆ ಸ್ಟ್ರಿಪ್ಪಿನ ಕಿಣ್ವ ಕೆಡುತ್ತದೆ. ಪಕ್ಕದಲ್ಲಿ ಕಂಟ್ರೋಲ್ ದ್ರಾವಣದ ಪುಟ್ಟ ಬಾಟಲಿ, ಗೆರೆ ಹಾಕಿದ ಒಂದು ನೋಟ್‌ಬುಕ್. ನೈಟ್ ಸಿಸ್ಟರ್ ರೋಗಿಗಿಂತ ಮೊದಲು ಮೀಟರಿಗೆ ಪರೀಕ್ಷೆ ಮಾಡಿ, ಅಂಕಿ ಬರೆದು ಸಹಿ ಹಾಕುತ್ತಾರೆ. ಮೀಟರಿಗೆ ಟೆಂಡರ್ ಕರೆಯುವ ಆಸ್ಪತ್ರೆಗಳು ಈ ಐದು ನಿಮಿಷವನ್ನೂ ಸಿಸ್ಟರ್‌ಗಳ ಕೆಲಸದ ವೇಳೆಯೊಳಗೆ ಎಣಿಸಬೇಕು. ಮೂವತ್ತು ಮಂಚಕ್ಕೆ ಒಬ್ಬರನ್ನು ನಿಲ್ಲಿಸಿ ಇದನ್ನು ಕೇಳುವುದು ನ್ಯಾಯವಲ್ಲ. ದ್ರಾವಣದ ಅಂಕಿ ಅಚ್ಚಾದ ಮಿತಿ ದಾಟಿದರೆ ಆ ಮೀಟರಿಗೆ “ಬಳಸಬೇಡಿ” ಚೀಟಿ ಬೀಳುತ್ತದೆ. ಬೆಳಿಗ್ಗೆ ಲ್ಯಾಬಿನವರು ಒಂದೇ ರಕ್ತವನ್ನು ಎರಡೂ ಕಡೆ ಹಾಕಿ ನೋಡುವವರೆಗೆ ಅದು ಯಾವ ಮಂಚದ ಬಳಿಯೂ ಹೋಗುವುದಿಲ್ಲ.